ಗೌರಿ ಸತ್ತಳೆಂದು ಬಂದ ಮುದ್ದೆ

ನಿನ್ನೆ ಸೀರಿಯಲ್ ನೋಡುತ್ತಿದ್ದ ಮಗಳು ರಿಮೋಟನ್ನು ಸೋಫಾದ ಮೇಲೆ ಎಸೆದು, "ಅಷ್ಟು ಒಳ್ಳೆಯವನನ್ನೇ ಸಾಯಿಸಬೇಕಿತ್ತಾ? ನಂಗೆ ಊಟ ಬೇಡ" ಎಂದು ಮುಖ ಊದಿಸಿಕೊಂಡಳು. ನನಗೆ ನಮ್ಮೂರು ಹೆಮ್ಮಿಗೆಯ ಮನೆ ನೆನಪಾಯಿತು.

ಅಲ್ಲಿ ನಮ್ಮಜ್ಜಿ ಸಂಜೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು, ಸುಲಿಯುತ್ತಲೇ ಧಾರಾವಾಹಿ ನೋಡುತ್ತಿದ್ದಳು. ಅದರಲ್ಲಿ ಗೌರಿ ಅಂತ ಒಬ್ಬಳು ಸೊಸೆ. ಅಜ್ಜಿಗೆ ಅವಳೆಂದರೆ ಪ್ರಾಣ. ಒಂದು ಸಂಜೆ ಆ ಗೌರಿಯನ್ನು ಬಾವಿಗೆ ತಳ್ಳಿ ಸಾಯಿಸಿಬಿಟ್ಟರು. ಅಜ್ಜಿ ಮೊರ ಪಕ್ಕಕ್ಕೆ ಸರಿಸಿ ಗೊಳೋ ಎಂದು ಅತ್ತಳು. ಒಲೆಯನ್ನೂ ಹಚ್ಚಲಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರುತ್ತಾರೆ. ಅಳು ಕೇಳಿದ ಪಕ್ಕದ ಮನೆಯ ದೇವಮ್ಮ ಮುದ್ದೆ, ಉಪ್ಸಾರು ಹಿಡಿದು ಓಡಿ ಬಂದರು.

"ಯಾರಕ್ಕ ತೀರ್ಕಂಡ್ರು?"

"ನಮ್ ಗೌರಿ ಕಣವ್ವ. ಟೀವೀಲಿ ಬತ್ತಿದ್ಲಲ್ಲ, ಬಾವಿಗೆ ತಳ್ಬುಟ್ರು."

ದೇವಮ್ಮ ಈಗ ಬೈಯುತ್ತಾರೆ ಎಂದು ನಾವು ಮಕ್ಕಳೆಲ್ಲ ಅಂದುಕೊಂಡೆವು. ಅವರು ಪಾತ್ರೆ ಕೆಳಗಿಟ್ಟು ಅಜ್ಜಿಯ ಪಕ್ಕ ಕುಸಿದು ಕೂತರು.

"ಅಯ್ಯೋ, ಆ ಮಗೀನಾ? ಅವ್ರ ಕೈ ಸೇದೋಗ! ಆ ಗಯ್ಯಾಳಿ ಅತ್ತೆ ಇನ್ನೂ ಬದ್ಕವ್ಳಲ್ಲ, ಅವಳ್ನ ತಳ್ಳಕ್ಕೇನಾಗಿತ್ತು?"

ಇಬ್ಬರೂ ಕತೆ ಬರೆದವನನ್ನು ಮನಸಾರೆ ಬೈದು, ಕೊನೆಗೆ ನಗುತ್ತಾ ಮುದ್ದೆ ಮುರಿದರು. ಅಷ್ಟು ರುಚಿಯಾದ ಉಪ್ಸಾರು ನಾನು ಮತ್ತೆ ಉಂಡಿಲ್ಲ.

ನಿನ್ನೆ ಮಗಳಿಗೆ ನಾನು ಬುದ್ಧಿ ಹೇಳಲಿಲ್ಲ. ತಟ್ಟೆಗೆ ಬಡಿಸಿಕೊಂಡು ಹೋಗಿ ಅವಳ ಪಕ್ಕ ಕೂತು ಕೇಳಿದೆ: "ಯಾರವ್ವ ತೀರ್ಕಂಡ್ರು?"