ಬಂಡೆಗೆ ಬಳಿದ ಕುಂಕುಮ

ನಮ್ಮ ಮನೆಯಲ್ಲಿ ಸಂಜೆಯ ಚಹಾಕ್ಕೆ ಹೊತ್ತು ಗೊತ್ತುಪಡಿಸುತ್ತಿದ್ದುದು ಗಡಿಯಾರವಲ್ಲ, ಗೂಬೆ ಎಂದರೆ ನೀವು ನಗುತ್ತೀರಿ. ನಗಿ, ನಾನೂ ಒಂದು ಕಾಲಕ್ಕೆ ನಕ್ಕವನೇ. ಹೈದರಾಬಾದಿನ ಕೂಕಟ್‌ಪಲ್ಲಿಯಾಚೆ ನಾವು ಮನೆ ಮಾಡಿದಾಗ ಹಿತ್ತಿಲಿನಾಚೆಗೆಲ್ಲ ಕುರುಚಲು ಕಾಡು, ಸೀತಾಫಲದ ಪೊದೆ, ನಡುವೆ ಒಂದು ಹೆಬ್ಬಂಡೆ. ಅದರ ಸೀಳಿನಲ್ಲಿ ಕೊಂಬಿನ ಗೂಬೆಗಳ ಜೋಡಿಯೊಂದು ಸಂಸಾರ ಹೂಡಿತ್ತು. ಬೆಳಕು ಆರುವಾಗ ಅತ್ತ ಗೂಬೆ ‘ಹೂ...’ ಎನ್ನುವುದು, ಇತ್ತ ಧಾರವಾಡದ ನನ್ನ ಹೆಂಡತಿ ಸುಮಿತ್ರಾ ಒಲೆ ಹಚ್ಚುವುದು. ಅಪಶಕುನವೆಂದು ಮೊದಮೊದಲು ಕಿಟಕಿ ಮುಚ್ಚುತ್ತಿದ್ದವಳು, ಮರಿಗಳನ್ನು ಕಂಡದ್ದೇ ತಡ, ಬಾಣಂತನಕ್ಕೆ ಬಂದ ತಾಯಿಯಂತಾದಳು.

ಅಷ್ಟರಲ್ಲಿ ಊರಿಗೆ ಕಂಪ್ಯೂಟರಿನ ಯೋಗ ಕೂಡಿಬಂತು. ಗಾಜಿನ ಸೌಧಗಳು ಏಳುತ್ತಿದ್ದಂತೆ ಯುಗಯುಗಗಳ ಬಂಡೆಗಳು ಜಲ್ಲಿಯಾದವು. ರಕ್ಷಣಾ ಕಾರ್ಖಾನೆಯ ಗುಮಾಸ್ತನಾದ ನಾನು ‘ಶಿಲಾಪರಂಪರೆ’, ‘ಜೀವವೈವಿಧ್ಯ’ ಮುಂತಾದ ಭಾರಿ ಶಬ್ದಗಳನ್ನು ಹೊತ್ತು ಕಚೇರಿಗಳಿಗೆ ಅಲೆದೆ. ಎಲ್ಲರೂ ಕುರ್ಚಿ ಕೊಟ್ಟರು, ಕಿವಿ ಕೊಡಲಿಲ್ಲ. ನಮ್ಮ ಬಂಡೆಗೆ ಸಿಡಿಮದ್ದು ಇಡುವವರು ಬರಲಿದ್ದ ಮುಂಜಾನೆ ಸುಮಿತ್ರಾ ನನಗೂ ಹೇಳದೆ ಹೋಗಿ, ಬಂಡೆಗೆ ಅಂಗೈಯಗಲ ಅರಿಶಿನ ಕುಂಕುಮ ಬಳಿದು ಬಂದಳು. ಮೇಸ್ತ್ರಿ ಬಂದ, ನೋಡಿದ, ಚಪ್ಪಲಿ ಬಿಟ್ಟ. “ಅಮ್ಮೋ, ದೇವುಡು!” ಎಂದು ಕೈಮುಗಿದು ಆಳುಗಳೊಂದಿಗೆ ಹೊರಟೇಹೋದ.

“ನಿಮ್ಮ ಅರ್ಜಿಗಿಂತ ನನ್ನ ಕುಂಕುಮನ ಚಲೋ ಕೆಲಸ ಮಾಡ್ತು ನೋಡ್ರಿ!” ಎಂದು ಅವಳು ಹಿಗ್ಗಿದಳು. ನಾನು ಸೋತು ಗೆದ್ದೆ.

ಆದರೆ ದೇವರಾದ ಮೇಲೆ ಸುಮ್ಮನೆ ಬಿಟ್ಟಾರೆಯೇ? ಭಕ್ತರು ಬಂದರು, ಪೊದೆ ಸವರಿದರು, ಗುಡಿ ಕಟ್ಟಿ ಟೈಲ್ಸ್ ಹಾಸಿದರು, ಕಣ್ಣು ಕುಕ್ಕುವ ದೀಪ ಹಾಕಿದರು. ಹಾವು ಸೇರಬಾರದೆಂದು ಸೀಳಿಗೆ ಸಿಮೆಂಟು ತುಂಬುವಾಗ ಸುಮಿತ್ರಾ ಅಂಗಲಾಚಿದಳು. ಗುಡಿಯ ಮುಂದೆ ಗೂಬೆಯ ಮಾತು ಬೇಡವೆಂದು ಹಿರಿಯರೊಬ್ಬರು ಗದರಿದರು. ಆ ಸಂಜೆ ಎರಡು ಹಕ್ಕಿಗಳೂ ಬಂಡೆಯ ಸುತ್ತ ಹಾರಿ ಹಾರಿ, ಕೂರಲು ತಾವು ಕಾಣದೆ ಹೋದವು. ಮತ್ತೆ ಬರಲಿಲ್ಲ. ಬಂಡೆಯೇನೋ ಉಳಿಯಿತು; ಅದನ್ನು ಅದರ ಪಾಡಿಗೆ ಬಿಡುವವರು ಉಳಿಯಲಿಲ್ಲ.

“ತಪ್ಪು ನಿಂದಲ್ಲ ಬಿಡು,” ಎಂದೆ.

“ಮತ್ಯಾರದ್ರಿ? ಉಳಸಾಕ ಹೋಗಿ ನಾನ ಅವುಗಳ ಮನಿ ಮುಚ್ಚಿಸಿದ್ನಿ,” ಎಂದು ಅತ್ತಳು.

ಮಂದಿಯ ಮೇಲೆ ಗೂಬೆ ಕೂರಿಸುವುದು ಲೋಕರೂಢಿ. ಇವಳು ತನ್ನ ಮೇಲೇ ಕೂರಿಸಿಕೊಂಡಳು.

ಈಗ ಬೆಳಕು ಆರುವಾಗ ಗುಡಿಯ ಗಂಟೆ ಮೊಳಗುತ್ತದೆ. ಚಹಾದ ಆಸೆಗೆ ನಾನು ಅಡುಗೆಮನೆಗೆ ಇಣುಕಿದರೆ, ಸುಮಿತ್ರಾ ಹಚ್ಚದ ಒಲೆಯ ಮುಂದೆ ನಿಂತು, ಕಿಟಕಿಯತ್ತ ಕಿವಿಯಿಟ್ಟು, “ಇನ್ನಾ ಹೊತ್ತಾಗಿಲ್ರಿ,” ಎನ್ನುತ್ತಾಳೆ. ನಾನೂ ಗಡಿಯಾರ ನೋಡದೆ ಅವಳ ಪಕ್ಕದಲ್ಲಿ ಕಾಯುತ್ತೇನೆ.