ಜರಿಗಿಡದ ಬೆನ್ನಿನ ಚುಕ್ಕೆಗಳು

ನಾವು ನಾಗಪುರದ ಹತ್ತಿರದ ಖಾಪರಖೇಡಾದ ಕ್ವಾರ್ಟರ್ಸ್‌ನಲ್ಲಿದ್ದ ಆ ದಿನಗಳಲ್ಲಿ, ಮೊದಲ ಮಳೆ ಬಿದ್ದು ಹಾರುಬೂದಿ ತೊಳೆದುಹೋದ ಮೇಲಷ್ಟೇ ಎಲೆಗಳ ನಿಜವಾದ ಬಣ್ಣ ಕಾಣುತ್ತಿತ್ತು. ಅಪ್ಪ ವಿಜಯಪುರದ ಕಡೆಯವರು, ವಿದ್ಯುತ್ ಕೇಂದ್ರದಲ್ಲಿ ಫಿಟರ್. ಅವ್ವನಿಗೆ ಸೊಂಟನೋವು ಹಿಡಿದು ಅಡುಗೆಮನೆ ನನ್ನ ಪಾಲಿಗೆ ಬಂದಾಗ ಏಳನೆಯ ತರಗತಿಗೇ ನನ್ನ ಶಾಲೆ ಮುಗಿಯಿತು. ತಂಗಿ ಸುಮಾ ಓದುತ್ತಿದ್ದಳು.

ಆ ಮಳೆಗಾಲ ಅವಳು ಶಾಲೆಯ ಪ್ರದರ್ಶನಕ್ಕೆಂದು ಗಿಡಗಳನ್ನು ಗುಂಪು ಮಾಡಿ ದಪ್ಪ ಹಾಳೆಗಳಿಗೆ ಅಂಟಿಸುತ್ತಿದ್ದಳು. ಗೆದ್ದವರನ್ನು ನಾಗಪುರ ಶಹರಕ್ಕೆ ಕಳಿಸುತ್ತಿದ್ದರು. ಸಂಜೆ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸುವಳು: ತೊಟ್ಟಿಯ ಪಾಚಿಗೆ ಬೇರು, ಕಾಂಡ, ಎಲೆ ಏನೂ ಇಲ್ಲ, ಗೋಡೆಯ ಹಾವಸೆಗೆ ಎಲೆಯಂಥದ್ದಿದೆ, ನಿಜವಾದ ಬೇರಿಲ್ಲ, ಹಳೆ ಬಾವಿಯ ಜರಿಗಿಡಕ್ಕೆ ಬೇರಿದೆ, ಹೂವಿಲ್ಲ, ಬೀಜವಿಲ್ಲ, ಅಂಗಳದ ಮೋರಪಂಖಿ ಎಂಬ ನವಿಲುಗರಿಯಂಥ ಗಿಡಕ್ಕೆ ಬೀಜವಿದೆ, ಹಣ್ಣಿಲ್ಲ, ಉಳಿದದ್ದು ಹೂಬಿಡುವ ಗಿಡಗಳ ಗುಂಪು. ಅವಳ ಬೆರಳಿಗೆ ಸದಾ ಹಸಿಮಣ್ಣು, ಮೈದಾ ಅಂಟಿನ ವಾಸನೆ.

ಒಂದು ರಾತ್ರಿ ಜೋಳದ ಭಾಕ್ರಿಗೆ ಝುಣಕ ಬಡಿಸುತ್ತ, ಸುಮಾಳ ಹಾಳೆಯ ಮೇಲಿನ ಜರಿಯ ಎಲೆಯ ಬೆನ್ನಿಗೆ ಕಂದು ಚುಕ್ಕೆಗಳಿದ್ದದ್ದು ನೋಡಿ, ರೋಗ ಬಡಿದಿದೆ, ಬೇರೆ ತಾ ಎಂದೆ.

"ರೋಗ ಅಲ್ಲ ಅಕ್ಕಾ, ಅದರಾಗಿನ ಪುಡಿಯಿಂದನ ಹೊಸಾ ಗಿಡ ಹುಟ್ಟತಾವ. ನೀ ಭಾಕ್ರಿ ಬಡಿ."

ಅಪ್ಪ ನಕ್ಕರು. "ಬರೋಬರ್ ಹೇಳಿದಿ ನೋಡು, ಮೇಡಮ್ಮಾ."

ಪ್ರದರ್ಶನದ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕಟ್ಟಿಟ್ಟ ಹಾಳೆ ಬಿಚ್ಚಿ, ಚಾಕುವಿನ ಮೊನೆಯಿಂದ ಬೆನ್ನು ಮೇಲಾಗಿ ಅಂಟಿಸಿದ್ದ ಜರಿಯ ಎಲೆಯ ಆ ಚುಕ್ಕೆಗಳನ್ನೆಲ್ಲ ಕೆರೆದೆ. ಮತ್ತೆ ಮೊದಲಿನಂತೆ ಕಟ್ಟಿಟ್ಟೆ. ಅವು ಏನೆಂದು ನನಗೆ ಆಗ ಚೆನ್ನಾಗಿ ಗೊತ್ತಿತ್ತು.

ಗೆದ್ದವರನ್ನು ಆರಿಸಲು ಬಂದವರು, ಚುಕ್ಕೆಯೇ ಇಲ್ಲದ ಈ ಎಲೆಯನ್ನು ಯಾವ ಗುರುತಿನ ಮೇಲೆ ಈ ಗುಂಪಿಗೆ ಹಾಕಿದೆ ಎಂದು ಕೇಳಿದರಂತೆ. ಸುಮಾ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಚುಕ್ಕೆ ಹುಡುಕಿದಳಂತೆ. ಶಹರಕ್ಕೆ ಬೇರೆ ಹುಡುಗಿ ಹೋದಳು. ಮನೆಗೆ ಬಂದವಳು ಅಳಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಕಟ್ಟೂಮುಂದ ನಾನ ಭಾಳ ಬಿಗದ್ನೇನ ಅಕ್ಕಾ? ತಿಕ್ಕಿ ಉದರಿದುವೇನ?"

"ಹೂಂ, ಬಿಗದಿದ್ದಿ," ಎಂದೆ.

ಕೆರೆದದ್ದು ಸಿಟ್ಟಿನಲ್ಲಿ. ಈ ಮಾತು ಆಡುವಾಗ ನನ್ನ ಸಿಟ್ಟು ಇಳಿದಿತ್ತು.

ಆಮೇಲೆ ಅವಳು ನನ್ನನ್ನು ಯಾವ ಗಿಡದ ಬಳಿಗೂ ಕರೆದೊಯ್ಯಲಿಲ್ಲ. ಈಗ ಅವಳ ಮನೆ ನಾಗಪುರ ಶಹರದ ಬಜಾಜ್ ನಗರದಲ್ಲಿ. ಹೋದ ಮಳೆಗಾಲ, ಕೆರೆದದ್ದು ನಾನೇ ಎಂದು ಹೇಳಿಯೇಬಿಡಬೇಕೆಂದು ಹೋಗಿ, ಮೆಟ್ಟಿಲ ಮೇಲಿನ ಹಾವಸೆ ತೋರಿಸಿ ಇದು ಯಾವ ಗುಂಪು ಎಂದು ಕೇಳಿದೆ.

"ಯಾರಿಗೆ ನೆನಪೈತಿ ಅಕ್ಕಾ. ಜಾರತೈತಿ, ಜಲ್ದಿ ಒಳಗ ಬಾ."

ಏಳನೆಯದಕ್ಕೇ ಶಾಲೆ ಬಿಟ್ಟ ನನಗೆ ಐದೂ ಗುಂಪು ಇಂದಿಗೂ ಬಾಯಿಪಾಠ. ಕಲಿಸಿದವಳಿಗೆ ಒಂದೂ ಉಳಿದಿಲ್ಲ. ಅವಳು ಚಹಾಕ್ಕೆ ನೀರಿಟ್ಟಳು. ನಾನು ಒಳಗೆ ಹೋಗಿ ಸಕ್ಕರೆ ಡಬ್ಬಿ ಎಲ್ಲಿ ಎಂದಷ್ಟೇ ಕೇಳಿದೆ.