ವಿಜಾಪುರದ ಅಕ್ಕನ ಕೈ ಹಿಡಿದು ಕಣ್ಣು ಮುಚ್ಚಿದ್ದು

ಮೊನ್ನೆ ಮಲಾಡಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಿದ್ದಾಗ ಯಾರದೋ ಮನೆಯಿಂದ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ಬೇರೆಯವರಿಗಾದರೆ ಹಸಿವಾಗುತ್ತಿತ್ತೇನೋ. ನನಗೆ ಗಂಟಲು ಬಿಗಿಯಿತು. ಗೋಡೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಮಗಳು "ಅಮ್ಮ, ಕ್ಯಾ ಹುವಾ?" ಎಂದಳು. ಏನೆಂದು ಹೇಳಲಿ? ಅವಳು ನನ್ನ ಹೊಟ್ಟೆಯಲ್ಲಿದ್ದ ಕಾಲದ ಹೆದರಿಕೆ ಅದು...

ಐವತ್ತರ ದಶಕದ ಮಾತು. ಮದುವೆಯಾಗಿ ಉಡುಪಿ ಕಡೆಯಿಂದ ಬಂದ ನಾನು ಮಾಟುಂಗದ ಚಾಳಿನಲ್ಲಿ ಒಂದು ಖೋಲಿಯ ಸಂಸಾರ ಹೂಡಿದ್ದೆ. ಗಂಡ ಹೋಟೆಲಿನ ಮ್ಯಾನೇಜರ್, ಬೆಳಿಗ್ಗೆ ಹೋದರೆ ಅವರ ಮುಖ ಕಾಣುವುದು ಯಾವಾಗಲೋ. ಪಕ್ಕದ ಖೋಲಿಯಲ್ಲಿ ವಿಜಾಪುರದ ಅಕ್ಕ ಇದ್ದರು. ಗಟ್ಟಿ ದನಿ, ಅಗಲ ಕುಂಕುಮ, ಕೈಯಲ್ಲಿ ಸದಾ ಜೋಳದ ಹಿಟ್ಟಿನ ವಾಸನೆ. ನಮ್ಮ ಮೀನಿನ ಅಡುಗೆಗೆ ಮೂಗಿಗೆ ಸೆರಗು ಹಿಡಿಯುತ್ತಲೇ ನನ್ನ ಹೊಸ್ತಿಲ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು.

ಒಂದು ಮಧ್ಯಾಹ್ನ ಬಂಗುಡೆಯ ಮುಳ್ಳು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ತೆಗೆದರು. ಮುಳ್ಳು ಹೋಯಿತು, ಹೆದರಿಕೆ ಉಳಿಯಿತು. ತುತ್ತು ಬಾಯಿಗಿಟ್ಟರೆ ಗಂಟಲು ಮುಚ್ಚಿಕೊಳ್ಳುತ್ತಿತ್ತು. ನೀರು ಕೂಡ ಚಮಚದಲ್ಲಿ, ಅದೂ ಬೆವರಿಕೊಂಡು. ಹೊಟ್ಟೆಯಲ್ಲಿ ಕೂಸು ಬೇರೆ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನಾನು ನುಂಗದಿದ್ದರೆ ಒಳಗಿನ ಜೀವಕ್ಕೆ ಏನು ಸಿಕ್ಕೀತು?

ಗಂಟಲಲ್ಲಿ ಏನೂ ಇಲ್ಲ, ಇದು ಮನಸ್ಸಿನ ಬಿಗಿತ ಎಂದ ಆಸ್ಪತ್ರೆಯವರು ದಾದರಿನ ಒಬ್ಬ ವೃದ್ಧ ಡಾಕ್ಟರರ ಬಳಿ ಕಳಿಸಿದರು. ಅವರದು ಸಂಮೋಹನ ಚಿಕಿತ್ಸೆ. ಮಾತಿನಲ್ಲೇ ಮಂಪರು ಬರಿಸಿ ವಾಸಿ ಮಾಡುತ್ತಾರಂತೆ. ಡಾಕ್ಟರರಿಗೆ ಕನ್ನಡ ಬಾರದು, ನನಗೆ ಮರಾಠಿ ಬಾರದು. ನಡುವೆ ಮಾತು ದಾಟಿಸಲು ಅಕ್ಕ ಹೊರಟರು.

ಮಂಪರು ಎಂದೊಡನೆ ನನಗೆ ನೆನಪಾದದ್ದು ನನ್ನ ಸೋದರಮಾವ. ಅವರು ನಮ್ಮ ಮನೆತನದ ದೈವದ ಪಾತ್ರಿ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಮಾವ, ದೈವ ಮೈಮೇಲೆ ಬಂದಾಗ ನಡುಗುತ್ತಾ ನನ್ನನ್ನು ದಿಟ್ಟಿಸಿ ನೋಡಿದ್ದರು. ಆ ಕಣ್ಣಿನಲ್ಲಿ ನನ್ನ ಗುರುತೇ ಇರಲಿಲ್ಲ. ಆಮೇಲೆ ಕೇಳಿದರೆ ಅವರಿಗೆ ಏನೂ ನೆನಪಿಲ್ಲ. ಹಾಗೆ ನನಗೂ ಆಗಿ, ನಾನು ನಾನಾಗಿ ಮರಳದಿದ್ದರೆ?

ದಾದರಿಗೆ ಹೋಗುವ ಟ್ರಾಮಿನಲ್ಲಿ ಅಕ್ಕನಿಗೆ ಹೇಳಿಯೇಬಿಟ್ಟೆ. "ನನಗೆ ಹೆದರಿಕೆ ಆಗ್ತದೆ ಅಕ್ಕ. ಮೈಮೇಲೆ ಬಂದ್ರೆ ಇಲ್ಲಿ ಇಳಿಸುವವರು ಯಾರುಂಟು?"

"ಮೈಮ್ಯಾಲ ಬರಾಕ ನಿಮ್ಮೂರ ದೈವಕ್ಕೂ ಟಿಕೀಟ ಬೇಕಲ್ಲ, ಅಷ್ಟ ದೂರದಿಂದ," ಎಂದರು ಅಕ್ಕ. ನನಗೆ ನಗು ಬರಲಿಲ್ಲ.

ಡಾಕ್ಟರರ ಕೋಣೆಯಲ್ಲಿ ಆರಾಮ ಕುರ್ಚಿ, ಅರ್ಧ ಎಳೆದ ಪರದೆ. ಅವರು ಮೆಲ್ಲಗೆ ಮರಾಠಿಯಲ್ಲಿ ಹೇಳಿದ್ದನ್ನು ಅಕ್ಕ ಕನ್ನಡದಲ್ಲಿ ಹೇಳಿದರು. ಕಣ್ಣು ಮುಚ್ಚು, ಉಸಿರು ಬಿಡು, ಕೈ ಹಗುರಾಗ್ತದ... ಸ್ವಲ್ಪ ಹೊತ್ತಿನಲ್ಲಿ ನನ್ನ ಬಲಗೈ ನಿಜವಾಗಿಯೂ ತಾನಾಗಿ ಮೇಲೆದ್ದಿತು. ಬೆರಳು ಜುಮ್ಮೆಂದವು. ಬಂತು, ಮಾವನಿಗೆ ಬಂದದ್ದು ನನಗೂ ಬಂತು ಎಂದುಕೊಂಡೆ. ಕಿರುಚಿಕೊಂಡು ಎದ್ದೆ. ದೈವ ಇಳಿಯಲಿ ಎಂದು ಮೇಜಿನ ಮೇಲಿದ್ದ ಲೋಟದ ನೀರನ್ನು ತಲೆಗೆ ಸುರಿದುಕೊಂಡೆ. ಡಾಕ್ಟರರ ಕನ್ನಡಕವೂ ತೊಯ್ದಿತು.

ಆ ಹಿರಿಯರು ಸಿಟ್ಟಾಗಲಿಲ್ಲ. ಕನ್ನಡಕ ಒರೆಸಿಕೊಂಡು, ನಮ್ಮೂರ ದೈವದ ವಿಷಯವನ್ನೆಲ್ಲ ಅಕ್ಕನ ಬಾಯಿಂದ ಕೇಳಿದರು. ಆಮೇಲೆ ಒಂದೊಂದಾಗಿ ತಿಳಿಸಿ ಹೇಳಿದರು. ಇದರಲ್ಲಿ ಯಾರೂ ಒಳಗೆ ಬರುವುದಿಲ್ಲ. ಇದು ನಿದ್ದೆಯೂ ಅಲ್ಲ, ಹೊರಗಿನ ಟ್ರಾಮಿನ ಗಂಟೆ ಕೇಳಿಸುತ್ತಲೇ ಇರುತ್ತದೆ. ಬೇಡದ ಮಾತನ್ನು ನಿನ್ನಿಂದ ಯಾರೂ ಆಡಿಸಲಾರರು. ಸಾಕೆನಿಸಿದಾಗ ಕಣ್ಣು ತೆರೆಯಬಹುದು. ಒಂದೇ ಸಲಕ್ಕೆ ವಾಸಿಯಾಗುವ ಮಾಟವಲ್ಲ, ಮನೆಯಲ್ಲೂ ಅಭ್ಯಾಸ ಮಾಡಬೇಕು. ಕೆಲವರಿಗೆ ಹತ್ತುವುದೂ ಇಲ್ಲ. ಆ ಕೊನೆಯ ಮಾತು ಕೇಳಿ ನನ್ನ ಕೈ ಹೊಟ್ಟೆಯ ಮೇಲೆ ಹೋಯಿತು. ಹತ್ತದಿದ್ದರೆ ಕೂಸಿನ ಗತಿ?

ಮುಂದಿನ ಸಲ ಅಕ್ಕ ನನ್ನ ಕೈಯನ್ನು ತಮ್ಮ ಮುಷ್ಟಿಯೊಳಗೆ ಹಿಡಿದು ಕೂತರು. ಹಿಟ್ಟಿನ ವಾಸನೆ. ಚಾಳಿನ ನಲ್ಲಿಯ ಹತ್ತಿರ ಜಗಳಕ್ಕೆ ನಿಲ್ಲುವ ಆ ದನಿ ಅಷ್ಟು ಇಳಿಯಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. "ಕಣ್ಣ ಭಾರ ಆಗ್ತಾವ... ಗಂಟಲಾ ಸಡಲ ಆಗ್ತದ... ಅಂಜಬ್ಯಾಡ ತಂಗಿ, ನಾ ಇಲ್ಲೇ ಅದೀನಿ." ಟ್ರಾಮಿನ ಗಂಟೆ ಕೇಳಿಸಿತು. ಅದು ಕೇಳಿಸುತ್ತಿದೆ ಎಂಬುದೇ ನನಗೆ ದೊಡ್ಡ ಧೈರ್ಯ. ನಾನು ನಾನಾಗಿಯೇ ಇದ್ದೆ. ಆದರೂ ಭಯ ಬಿಡಲಿಲ್ಲ, ಕುರ್ಚಿಯ ಪಕ್ಕದಲ್ಲೇ ಯಾರೋ ನಿಂತ ಹಾಗೆ ಇತ್ತು.

ಹಾಗೆ ಹಲವು ಸಲ ಹೋದೆವು. ಮನೆಯಲ್ಲಿ ಊಟಕ್ಕೆ ಮೊದಲು ಅಕ್ಕ ಬಂದು ಅದನ್ನೇ ಹೇಳುತ್ತಿದ್ದರು. ಒಂದು ದಿನ ಡಾಕ್ಟರರ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಅಕ್ಕ ಡಬ್ಬಿ ತೆರೆದು ಜೋಳದ ಅಂಬಲಿಯ ಚಮಚವನ್ನು ತುಟಿಗೆ ತಂದರು. ಗಂಟಲು ಗಕ್ಕನೆ ನಿಂತಿತು. ಉಸಿರು ಕಟ್ಟಿತು. ಸತ್ತೆ ಎಂದೇ ಅಂದುಕೊಂಡೆ. "ನಾ ಇಲ್ಲೇ ಅದೀನಿ..." ಅಂಬಲಿ ಇಳಿಯಿತು. ಇನ್ನೊಂದು ಚಮಚ ಕೇಳಿದೆ. ಅಕ್ಕ ಕೊಡಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ಕೆಲವು ವರ್ಷಗಳಲ್ಲಿ ಅಕ್ಕನ ಯಜಮಾನರು ಕೆಲಸ ಬಿಟ್ಟು ಊರು ಸೇರಿದರು. ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳುಗಳ ಮೇಲೆ, ಮಾಟುಂಗದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಎಲೆಯ ಮುಂದೆ ಕೂತವಳು ಹಾಗೆಯೇ ಎದ್ದು ಬಂದೆ.

ಅಷ್ಟರಲ್ಲಿ ನಾನು ಮರಾಠಿ ಕಲಿತಿದ್ದೆ. ಡಾಕ್ಟರರ ಮಾತುಗಳು ಕಿವಿಯಲ್ಲಿ ಹಾಗೇ ಉಳಿದಿದ್ದವು, ಅರ್ಥ ಮಾತ್ರ ಆಮೇಲೆ ಬಂತು. ಕಣ್ಣು ಭಾರ, ಗಂಟಲು ಸಡಿಲ... ಅಷ್ಟೇ. ನಾ ಇಲ್ಲೇ ಅದೀನಿ ಎಂಬುದು ಅವರ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಅದು ಅಕ್ಕ ಸೇರಿಸಿದ್ದು.

ಮೊನ್ನೆ ಮನೆಯೊಳಗೆ ಬಂದು ಕೂತೆ. ಮಗಳು ನೀರು ತಂದಳು. ಗುಟುಕು ಬಾಯಲ್ಲೇ ನಿಂತಿತು, ಹಳೆಯ ಭಯ ಅಷ್ಟೇ ಹೊಸದಾಗಿ ಎದ್ದು ಬಂತು. ಕಣ್ಣು ಮುಚ್ಚಿದೆ. ಭಾರ, ಸಡಿಲ, ಎಲ್ಲ ಒಂದೊಂದಾಗಿ ನೆನಪಾಯಿತು. ಆದರೆ ಅಕ್ಕನ ದನಿ... ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಆ ಮಾತನ್ನು ನಾನೇ ಮನಸ್ಸಿನಲ್ಲಿ ಹೇಳಿಕೊಂಡೆ, ನನ್ನ ಉಡುಪಿಯ ಧಾಟಿಯಲ್ಲಿ, ಅಡ್ಡಾದಿಡ್ಡಿಯಾಗಿ. ನಾ ಇಲ್ಲೇ ಅದೀನಿ.

ನೀರು ಇಳಿಯಿತು. ಅಕ್ಕ ಇಲ್ಲ.